ಒಂದು ಮೊಳದ ವ್ಯಾಪಾರ

ಐವತ್ತೆಂಟು ತುಂಬಿದ ವರ್ಷ ನಾನು ಗಾಲ್ಫ್ ಆಡಲು ಶುರು ಮಾಡಿದೆ. ಆರೋಗ್ಯಕ್ಕಲ್ಲ, ಖುಷಿಗಲ್ಲ, ಒಂದು ಬೋರ್ಡು ಉಳಿಸಿಕೊಳ್ಳುವುದಕ್ಕೆ.

ಹುಬ್ಬಳ್ಳಿಯ ನನ್ನ ಅಂಗಡಿಯ ನೆತ್ತಿಯ ಮೇಲೆ ಇಪ್ಪತ್ತೆಂಟು ವರ್ಷಗಳಿಂದ ಒಂದು ಪಂಪ್ ಕಂಪನಿಯ ನೀಲಿ ಬೋರ್ಡು ಇದೆ. ಅದನ್ನು ಯಾರೂ ಉಡುಗೊರೆ ಕೊಟ್ಟದ್ದಲ್ಲ. ನಾನು ಈ ಧಂದೆಗೆ ಬಂದದ್ದು ಸೈಕಲ್ಲಿನ ಮೇಲೆ, ಹ್ಯಾಂಡಲಿಗೆ ಒಂದು ತಂತಿಯ ಸುರುಳಿ, ಕ್ಯಾರಿಯರಿಗೆ ನಾಲ್ಕು ನಮೂನೆಯ ಕೊಕ್ಕೆ ಕಟ್ಟಿಕೊಂಡು. ಬೋರ್‌ವೆಲ್ಲಿನೊಳಗೆ ಮೋಟರು ಕಳಚಿ ಬಿದ್ದರೆ ಎತ್ತಿ ಕೊಡುವುದು ನನ್ನ ಕಸುಬು. ನೂರಾರು ಅಡಿ ಆಳದ ಕತ್ತಲೆಯಲ್ಲಿ ತಂತಿಯ ತುದಿ ಏನನ್ನು ಮುಟ್ಟಿತು ಎಂಬುದನ್ನು ಬೆರಳಿನಿಂದಲೇ ತಿಳಿಯಬೇಕು. ಆ ಬೆರಳಿನಿಂದ ಅಂಗಡಿ ಆಯಿತು, ಅಂಗಡಿಯಿಂದ ಏಜೆನ್ಸಿ, ಏಜೆನ್ಸಿಯಿಂದ ಕೇಶ್ವಾಪುರದಲ್ಲಿ ಮನೆ. ಮನೆಯಾದ ಮೇಲೆ ಕೊಕ್ಕೆಗಳನ್ನು ಅಟ್ಟಕ್ಕೆ ಹಾಕಿ ಬಿಳಿ ಪ್ಯಾಂಟು ತೊಡುವುದನ್ನು ರೂಢಿಸಿಕೊಂಡೆ.

ಅವಳಿ ನಗರದಲ್ಲಿ ಕಂಪನಿಗೆ ಇಬ್ಬರು ಏಜೆಂಟರು. ಹುಬ್ಬಳ್ಳಿಗೆ ನಾನು, ಧಾರವಾಡಕ್ಕೆ ಇನ್ನೊಬ್ಬರು. ಆ ಇನ್ನೊಬ್ಬರನ್ನು ನಾನು ಎದುರಿಗೆ ಕಾಕಾ ಎನ್ನುತ್ತೇನೆ, ನನಗಿಂತ ಎರಡೇ ವರ್ಷ ದೊಡ್ಡವರಾದರೂ. ಹಿಂದಿನಿಂದ ಏನನ್ನುತ್ತೇನೆ ಎಂಬುದು ಇಲ್ಲಿ ಬೇಡ. ಹತ್ತಿ ವ್ಯಾಪಾರದ ಮನೆತನ, ಹಣೆ ತುಂಬ ವಿಭೂತಿ, ಬೆಣ್ಣೆಯಲ್ಲಿ ಅದ್ದಿ ತೆಗೆದಂಥ ಧಾರವಾಡದ ಮಾತು. ಅವರು ಇಲ್ಲ ಎಂದರೂ ಕೇಳಿದವನಿಗೆ ಹೌದು ಎಂದಂತೆ ಅನಿಸುತ್ತದೆ; ಮನೆಗೆ ಹೋಗಿ ಊಟಕ್ಕೆ ಕೂತಾಗ ಗೊತ್ತಾಗುತ್ತದೆ.

ಮೂರು ವರ್ಷದ ಹಿಂದೆ ಡಿಸೆಂಬರಿನಲ್ಲಿ ಕಂಪನಿಯ ಹೊಸ ಅಧಿಕಾರಿ ಅಂಗಡಿಗೆ ಬಂದ. ಮೈಸೂರು ಕಡೆಯವನು, ಮೂವತ್ತೈದರ ಆಸುಪಾಸು. ಗೋದಾಮು ನೋಡಿದ, ಚಹಾ ಬೇಡವೆಂದ, ನೀರು ಮಾತ್ರ ಕುಡಿದ. ಆಮೇಲೆ ಮೆಲ್ಲಗೆ ಹೇಳಿದ:

"ಎರಡೂ ಊರಿಗೆ ಸೇರಿ ಒಬ್ಬರೇ ಏಜೆಂಟ್ ಸಾಕು ಅಂತ ಮೇಲಿನವರ ಯೋಚನೆ ಸಾರ್. ಮಾರ್ಚ್ ಕೊನೆಗೆ ಮತ್ತೆ ಬರ್ತೀನಿ, ಆಗ ತೀರ್ಮಾನ." ಎದ್ದು ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದ: "ನೀವು ಗಾಲ್ಫ್ ಆಡ್ತೀರಾ? ನಿಮ್ಮ ಧಾರವಾಡದವರು ಆಡ್ತಾರಂತೆ."

"ಆಡ್ತೇನ್ರಿ," ಎಂದೆ.

ಇದು ಸುಳ್ಳಲ್ಲ, ಅಂಗಡಿಕಾರನ ಪದ್ಧತಿ. ಗಿರಾಕಿ ಏನು ಕೇಳಿದರೂ ಮೊದಲು ಐತ್ರಿ ಎನ್ನಬೇಕು. ಆಮೇಲೆ ಪಕ್ಕದ ಅಂಗಡಿಯಿಂದ ತರಿಸಬೇಕು. ಇಲ್ಲ ಎಂದವನ ಅಂಗಡಿಗೆ ಗಿರಾಕಿ ಎರಡನೆಯ ಸಲ ಬರುವುದಿಲ್ಲ. ಆದರೆ ಈ ಸರಕನ್ನು ಪಕ್ಕದ ಅಂಗಡಿಯಿಂದ ತರಿಸುವಂತಿರಲಿಲ್ಲ. ಮೂರು ತಿಂಗಳಲ್ಲಿ ನಾನೇ ಒದಗಿಸಬೇಕಿತ್ತು.

ಮೊದಲು ಕೋಲುಗಳು. ಯಾರೋ ಮನೆ ಖಾಲಿ ಮಾಡಿ ಹೋಗುತ್ತಿದ್ದವರ ಹಳೆಯ ಸೆಟ್ಟು ಇದೆ ಎಂದು ಗೊತ್ತಾಯಿತು. ಹೋದೆ. ಎರಡು ಗಂಟೆ ಚೌಕಾಸಿ ಮಾಡಿದೆ. ಮೂರು ಸಲ ಎದ್ದು ಗೇಟಿನವರೆಗೆ ಬಂದೆ, ಮೂರು ಸಲವೂ ಅವರು ಕರೆದರು. ಕೊನೆಗೆ ಅವರು ಹೇಳಿದ್ದರ ಮೂರರಲ್ಲೊಂದು ಪಾಲಿಗೆ ಚೀಲ ಸಮೇತ ತಂದೆ. ಹದಿನೈದು ದಿನ ಆ ಕೋಲುಗಳಿಂದ ಚೆಂಡು ನೆಟ್ಟಗೆ ಹೋಗಲೇ ಇಲ್ಲ. ಮೈದಾನದ ಮಾಲಿ ಒಂದು ದಿನ ಕೋಲನ್ನು ತಿರುಗಿಸಿ ತಿರುಗಿಸಿ ನೋಡಿ ಹೇಳಿದ:

"ಸಾಹೇಬ್ರ, ಇವು ಎಡಗೈಯವರ ಕೋಲ್ರಿ."

ನಿಮಗೆ ಒಂದು ಮಾತು ಹೇಳುತ್ತೇನೆ, ಪುಕ್ಕಟೆ. ದರ ಇಳಿಯುತ್ತಿರುವಾಗ ಕಣ್ಣು ಸರಕಿನ ಮೇಲಿರಲಿ. ನನ್ನ ಕಣ್ಣು ಅವರ ಮುಖದ ಮೇಲಿತ್ತು.

ಬಲಗೈಯ ಸೆಟ್ಟು ಮನೆಗೆ ಬಂದ ದಿನ ಹೆಂಡತಿ ಚೀಲವನ್ನೂ ನನ್ನನ್ನೂ ಒಟ್ಟಿಗೆ ನೋಡಿದಳು. "ಕೋಲು ಹಿಡಿಯೂ ವಯಸ್ಸು ಬಂದೈತಿ ಅಂತ ನನಗ ಗೊತ್ತಿತ್ತು," ಎಂದಳು. "ಇಷ್ಟು ತುಟ್ಟಿ ಕೋಲು ಹಿಡೀತೀರಿ ಅಂತ ಗೊತ್ತಿರಲಿಲ್ಲ."

ಮೈದಾನ ಎಂದರೆ ಟಿವಿಯಲ್ಲಿ ಕಾಣುವ ಹಸಿರು ಮಖಮಲ್ಲು ನೆನೆಸಿಕೊಳ್ಳಬೇಡಿ. ಧಾರವಾಡದ ಲಕಮನಹಳ್ಳಿ ಕೈಗಾರಿಕಾ ಪ್ರದೇಶ ದಾಟಿ, ಮುಚ್ಚಿಹೋದ ಒಂದು ಹತ್ತಿ ಜಿನ್ನಿಂಗ್ ಗಿರಣಿಯ ಹಿಂದೆ, ಅದರ ಮಾಲೀಕರ ಮನೆಯವರು ಹವ್ಯಾಸಕ್ಕೆ ಮಾಡಿಸಿದ ಆರು ಕುಳಿಗಳ ಮೈದಾನ ಅದು. ನೆಲ ಅಪ್ಪಟ ಎರೆಮಣ್ಣು. ಮಳೆಗಾಲದಲ್ಲಿ ಹೆಜ್ಜೆಗೊಂದು ಸೇರು ಮಣ್ಣು ಬೂಟಿಗೆ ಮೆತ್ತಿಕೊಂಡು, ನಾಲ್ಕನೆಯ ಕುಳಿಗೆ ಬರುವಷ್ಟರಲ್ಲಿ ಆಡುವವನು ನಾಲ್ಕು ಬೆರಳು ಎತ್ತರವಾಗಿರುತ್ತಾನೆ. ಸಂಕ್ರಾಂತಿ ಕಳೆದ ಮೇಲೆ ಅದೇ ನೆಲ ಬಿರಿಯಲು ಶುರು. ಮಾರ್ಚಿನ ಹೊತ್ತಿಗೆ ಹೆಗಲ ತನಕ ತೋಳು ಇಳಿಸಿದರೂ ತಳ ಸಿಗದಂಥ ಬಿರುಕುಗಳು. ಕುಳಿಯ ಸುತ್ತ ಹುಲ್ಲು ಬೆಳೆಯುವುದಿಲ್ಲವಾದ್ದರಿಂದ ಹಳೆ ಎಂಜಿನ್ ಎಣ್ಣೆ ಕಲಸಿದ ಮರಳು ಹಾಸಿರುತ್ತಾರೆ. ಮಾಲಿ ಅದರ ಮೇಲೆ ಗೋಣಿಚೀಲ ಎಳೆದು ನುಣುಪು ಮಾಡುತ್ತಾನೆ. ಅಲ್ಲಿ ಮಂಡಿಯೂರಿದವನ ಪ್ಯಾಂಟು ಮತ್ತೆ ಬೆಳ್ಳಗಾದದ್ದನ್ನು ನಾನು ಕಂಡಿಲ್ಲ.

ಈ ಮಾಲಿಯೇ ನನ್ನ ಗುರು. ಆಡಿದವನಲ್ಲ, ಆಡುವವರನ್ನು ಇಪ್ಪತ್ತು ವರ್ಷ ನೋಡಿದವನು. ಅವನ ವಿದ್ಯೆಯೆಲ್ಲ ಒಂದೇ ವಾಕ್ಯ: "ತಲಿ ಎತ್ತಬ್ಯಾಡ್ರಿ."

ಕೋಲು ಹಿಂದಕ್ಕೆ ಹೋಗಿ ಮುಂದಕ್ಕೆ ಬೀಸಿ ಚೆಂಡಿಗೆ ತಾಗುವ ತನಕ ಕಣ್ಣು ಚೆಂಡಿನ ಮೇಲಿರಬೇಕು, ಅಷ್ಟೆ. ನನ್ನ ಕೈಯಲ್ಲಿ ಆಗಲಿಲ್ಲ. ಇಪ್ಪತ್ತೆಂಟು ವರ್ಷ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂತವನ ಕುತ್ತಿಗೆ ಅದು. ಬಾಗಿಲಲ್ಲಿ ನೆರಳು ಅಲುಗಿದರೆ ಸಾಕು, ತಲೆ ತಾನಾಗಿ ಮೇಲೇಳುತ್ತದೆ: ಯಾರು ಬಂದರು, ಏನು ಕೇಳುತ್ತಾರೆ, ನಗದೋ ಉದ್ದರಿಯೋ. ಮೈದಾನದಲ್ಲಿಯೂ ಹಾಗೆಯೇ. ಕೋಲು ಅರ್ಧ ದಾರಿಯಲ್ಲಿರುವಾಗಲೇ ಚೆಂಡು ಎಲ್ಲಿ ಹೋಯಿತು ಎಂದು ದೂರಕ್ಕೆ ನೋಡುತ್ತಿದ್ದೆ. ಚೆಂಡು ಕಾಲ ಬುಡದಲ್ಲಿಯೇ ಕೂತು ನನ್ನನ್ನು ನೋಡುತ್ತಿತ್ತು. ಬೀಸಿದ ಕೋಲು ನೆಲಕ್ಕೆ ಬಡಿದು ಮುಷ್ಟಿಯಷ್ಟು ಎರೆಹೆಂಟೆ ಹಾರುತ್ತಿತ್ತು. "ಹೆಂಟಿ ಛಲೋ ದೂರ ಹೋತ್ರಿ ಇವತ್ತ," ಎಂದು ಮಾಲಿ ಮೆಚ್ಚಿಕೊಳ್ಳುತ್ತಿದ್ದ.

ತಾಗಿದ ಚೆಂಡಿನ ಕಥೆ ಬೇರೆ. ಅದು ಹೋಗುತ್ತಿತ್ತು, ಮುಟ್ಟುತ್ತಿರಲಿಲ್ಲ. ಅಂಗಡಿಯಲ್ಲಿ ಕೂತು ರಸ್ತೆಯಾಚೆಗಿನ ಪೈಪನ್ನು ನೋಡಿ ಉದ್ದ ಇಷ್ಟು ಅಡಿ, ದಪ್ಪ ಇಷ್ಟು ಇಂಚು ಎಂದು ಹೇಳಬಲ್ಲವನು ನಾನು, ಬೇಕಾದರೆ ಪಣ ಕಟ್ಟಿ. ಆದರೆ ಮಾಲಿ, "ನೂರಾ ನಲವತ್ತು ಗಜ ಅದಾವ್ರಿ ಬಾವುಟಕ್ಕ," ಎಂದ ಕೂಡಲೇ ನನ್ನೊಳಗೆ ಯಾರೋ, ಹೇಳುವುದು ನೂರಾ ನಲವತ್ತು, ಕೊಡುವುದು ನೂರಾ ಇಪ್ಪತ್ತಕ್ಕೆ, ಎನ್ನುತ್ತಿದ್ದ. ನಮ್ಮ ಪೇಟೆಯಲ್ಲಿ ಹೇಳಿದ ಅಂಕಿಯನ್ನು ಹಾಗೇ ನಂಬಿದ ಮನುಷ್ಯ ಇಲ್ಲ. ನಾನು ನೂರಾ ಇಪ್ಪತ್ತಕ್ಕೇ ಹೊಡೆಯುತ್ತಿದ್ದೆ. ಚೆಂಡು ನೂರಾ ಇಪ್ಪತ್ತಕ್ಕೇ ನಿಲ್ಲುತ್ತಿತ್ತು. ನನ್ನ ಹಾಗೆ ಇಲ್ಲಿ ಆಡುವ ವ್ಯಾಪಾರಿಗಳೆಲ್ಲರ ಚೆಂಡೂ ಬಾವುಟಕ್ಕಿಂತ ಇಪ್ಪತ್ತು ಗಜ ಹಿಂದೆಯೇ ಬೀಳುತ್ತದೆ. ಒಬ್ಬರು ದೂರ ಅಳೆಯುವ ದುರ್ಬೀನು ತಂದಿದ್ದರು. ಅದು ತೋರಿಸಿದ್ದರಲ್ಲೂ ಹತ್ತು ಗಜ ಕಡಿದರು.

ಇನ್ನು ಪಟ್. ಕುಳಿಯ ಹತ್ತಿರ ಬಂದ ಮೇಲೆ ಚಪ್ಪಟೆ ಕೋಲಿನಿಂದ ಚೆಂಡನ್ನು ಮೆಲ್ಲಗೆ ಉರುಳಿಸಿ ಒಳಗೆ ಬೀಳಿಸುವುದು. ನೋಡಿದರೆ ಮಕ್ಕಳಾಟ. ನನ್ನ ಚೆಂಡು ಪ್ರತಿ ಸಲವೂ ಕುಳಿಯ ತುಟಿಯ ತನಕ ಬಂದು, ಒಂದು ಗೇಣು ಉಳಿದಿರುವಾಗ ನಿಂತುಬಿಡುತ್ತಿತ್ತು. ಕಾರಣ ನನಗೆ ಮಾತ್ರ ಗೊತ್ತಿತ್ತು. ಎದುರಿನವನು ಕೇಳಿದ ತನಕ ಹೋಗಬಾರದು, ಸ್ವಲ್ಪ ಹಿಂದೆಯೇ ನಿಂತು ಅವನನ್ನೇ ಇಳಿಸಬೇಕು ಎಂದು ಕೈಗೆ ಕಲಿಸಿದವನು ನಾನೇ. ಆದರೆ ಕುಳಿ ಇಳಿದು ಬರಲಿಲ್ಲ. ನಾನು ಕಂಡ ಎದುರಾಳಿಗಳಲ್ಲಿ ಚೌಕಾಸಿಗೆ ಬಗ್ಗದೇ ಇದ್ದದ್ದು ಅದೊಂದೇ.

ಧಾರವಾಡದ ಕಾಕಾ ನನಗಿಂತ ಒಳ್ಳೆಯ ಆಟಗಾರರೇನಲ್ಲ. ಆರು ವರ್ಷದಿಂದ ಆಡುತ್ತಿದ್ದರೂ ಅವರ ಬೀಸು ಸೊಳ್ಳೆ ಓಡಿಸಿದಂತೆಯೇ ಇತ್ತು. ಆದರೆ ಅವರ ಚೆಂಡುಗಳಿಗೆ ಒಂದು ವಿಶೇಷ ಗುಣವಿತ್ತು: ಎಲ್ಲಿ ಬಿದ್ದರೂ ಒಳ್ಳೆಯ ಜಾಗದಲ್ಲೇ ಸಿಗುತ್ತಿದ್ದವು. ಜಾಲಿಯೊಳಗೆ ನುಗ್ಗಿದ್ದನ್ನು ನಾನು ಕಣ್ಣಾರೆ ಕಂಡ ಚೆಂಡು, ಕಾಕಾ ಹೋಗಿ ನೋಡುವಷ್ಟರಲ್ಲಿ ಜಾಲಿಯಿಂದ ಹೊರಗೆ ಬಂದು ಬಿಸಿಲು ಕಾಯಿಸುತ್ತಿರುತ್ತಿತ್ತು. ಪ್ರತಿ ಕುಳಿಗೆ ಮುಂಚೆ ಅವರು ಜೇಬಿನಿಂದ ವಿಭೂತಿಯ ಗಟ್ಟಿ ತೆಗೆದು ಚೆಂಡಿಗೆ ಮೂರು ಗೆರೆ ಎಳೆಯುತ್ತಿದ್ದರು. "ಎಲ್ಲಾ ಅವನ ಇಚ್ಛಾ," ಎನ್ನುತ್ತಿದ್ದರು. ಇರಬಹುದು ಎಂದು ನಾನೂ ಅಂದುಕೊಂಡಿದ್ದೆ.

ಮಾರ್ಚ್ ಕೊನೆಯ ಭಾನುವಾರ ಬೆಳಿಗ್ಗೆ ಆರೂವರೆಗೆ ಕಾಕಾ, ನಾನು, ಕಂಪನಿಯ ಸಾಹೇಬ, ಮೂವರೂ ಮೈದಾನದಲ್ಲಿ ಸೇರಿದೆವು. ಸಾಹೇಬ ಚೀಟಿ, ಪೆನ್ಸಿಲು ಹಿಡಿದ. ಯಾರು ಗೆದ್ದರೆ ಅವರಿಗೆ ಏಜೆನ್ಸಿ ಎಂದು ಅವನೇನೂ ಹೇಳಿರಲಿಲ್ಲ. ಆದರೆ ಎರಡು ಅಂಗಡಿಗಳ ಯಜಮಾನರನ್ನು ಒಂದೇ ಬೆಳಿಗ್ಗೆ ಒಂದೇ ಹೊಲದಲ್ಲಿ ನಿಲ್ಲಿಸಿ ನೋಡುವ ಅಧಿಕಾರಿ ಬರೀ ಗಾಳಿ ಸೇವನೆಗೆ ಬಂದಿರುವುದಿಲ್ಲ. ಕಾಕಾನಿಗೂ ಅದು ಗೊತ್ತಿತ್ತು. ಅವರ ಬೆಣ್ಣೆ ಅವತ್ತು ಕರಗಿ ಹರಿಯುತ್ತಿತ್ತು.

"ಸಾಹೇಬ್ರ ಬೀಸು ನೋಡ್ರಿ, ಹೆಂಗ ಐತಿ, ವೀಣಾ ಮೀಟಿಧಂಗ!"

"ಕಾಕಾ, ಚೆಂಡು ಇನ್ನೂ ಅಲ್ಲೇ ಐತ್ರಿ," ಎಂದೆ. ಸಾಹೇಬ ಬರೀ ಅಭ್ಯಾಸಕ್ಕೆ ಬೀಸಿದ್ದ.

"ಚೆಂಡಿಂದೇನ್ರಿ, ಬೀಸು ಮುಖ್ಯ," ಎಂದರು ಕಾಕಾ.

ಮೂರನೆಯ ಕುಳಿಯಲ್ಲಿ ನಾನು ನನ್ನ ಜೀವಮಾನದ ಎರಡನೆಯ ಅತಿ ಕೆಟ್ಟ ವ್ಯಾಪಾರ ಮಾಡಿದೆ. ಎಂಟು ಹೊಡೆತಕ್ಕೆ ಚೆಂಡು ಒಳಗೆ ಬಿದ್ದಿತ್ತು. ಸಾಹೇಬ ಪೆನ್ಸಿಲು ಎತ್ತಿ ಕೇಳಿದ:

"ಎಷ್ಟಾಯ್ತು ಸಾರ್? ಏಳಾ?"

ಈ ಆಟದಲ್ಲಿ ಹೊಡೆತ ಕಡಿಮೆ ಇದ್ದವನೇ ಗೆಲ್ಲುವುದು; ಏಳು ಎಂದರೆ ನನಗೇ ಒಂದು ಲಾಭ. ಆದರೆ ಎದುರಿನವನು ಮೊದಲು ಹೇಳಿದ ಅಂಕಿಗೆ ನಾನು ಹುಟ್ಟಿದಾಗಿನಿಂದ ಒಪ್ಪಿದವನಲ್ಲ. ಬಾಯಿ ತಾನೇ ತೆರೆಯಿತು. "ಏಳು ಹೆಂಗ ಆಗತೈತ್ರಿ ಸಾಹೇಬ್ರ? ಆಗಂಗಿಲ್ಲ."

"ಹಾಗಾದ್ರೆ ಎಂಟು ಹಾಕ್ಲಾ?"

"ಎಂಟಕ್ಕ ಹೊಂದಂಗಿಲ್ರಿ. ನೋಡಿ ಹೇಳ್ರಿ."

ಸಾಹೇಬ ಗಾಬರಿಯಿಂದ ನನ್ನ ಮುಖ ನೋಡಿದ. "ಒಂಬತ್ತು?"

"ಹಾಂ," ಎಂದೆ, ಗೆದ್ದವನ ದನಿಯಲ್ಲಿ. "ಒಂಬತ್ತಕ್ಕ ಮುಗಸ್ರಿ."

"ಸಾಹೇಬ್ರ, ಲಗೂ ಬರಕೊಳ್ರಿ," ಎಂದರು ಕಾಕಾ, "ಇಲ್ಲಾಂದ್ರ ಹತ್ತಕ್ಕ ಏರಸ್ತಾರ ಇವರು."

ನೂರು ಹೆಜ್ಜೆ ನಡೆದ ಮೇಲೆ ನನಗೆ ತಿಳಿಯಿತು, ಆಡಿದ್ದಕ್ಕಿಂತ ಒಂದು ಹೊಡೆತ ಹೆಚ್ಚಿಗೆ ಬರೆಸಿಕೊಂಡಿದ್ದೇನೆ ಎಂದು. ಹೇಗೋ ಐದನೆಯ ಕುಳಿ ಮುಗಿಯುವಾಗ ಕಾಕಾನೂ ನಾನೂ ಸರಿಸಮ ಇದ್ದೆವು. ಸಾಹೇಬ ನಮಗಿಂತ ಬಹಳ ಮುಂದಿದ್ದ. ಅವನ ವಿಚಾರ ಬಿಡಿ, ಅವನು ಏಜೆನ್ಸಿ ಕೇಳಿದವನಲ್ಲ.

ಉಳಿದದ್ದು ಆರನೆಯದು. ಅಲ್ಲಿ ಹೊಡೆಯುವ ಜಾಗಕ್ಕೂ ಬಾವುಟಕ್ಕೂ ನಡುವೆ ಒಂದು ಎರೆಪಟ್ಟಿ ಇದೆ. ಇಡೀ ಮೈದಾನದಲ್ಲಿ ಅತಿ ಹೆಚ್ಚು ಬಿರುಕು ಅಲ್ಲಿಯೇ. ಚೆಂಡು ಬಿರುಕಿಗೆ ಬಿದ್ದರೆ ಬೇರೆ ಚೆಂಡು ಇಟ್ಟು ಆಡಬಹುದು, ಆದರೆ ಒಂದು ಹೊಡೆತ ದಂಡ. ಇದು ಅಲ್ಲಿನ ಕಾನೂನು. ನಾನು ಬೀಸುವಾಗ ಗಿರಣಿಯ ತಗಡಿನ ಮೇಲಿಂದ ಬಿಸಿಲು ಕಣ್ಣಿಗೆ ಹೊಡೆದು ತಲೆ ಎತ್ತಲಾಗಲಿಲ್ಲ. ಅದೇ ಕಾರಣಕ್ಕೆ ಚೆಂಡು ಹಾರಿ ಎರೆಪಟ್ಟಿ ದಾಟಿ ಬಿತ್ತು. ಸಾಹೇಬನದು ಪಟ್ಟಿಯ ಮೇಲೆ ಒಮ್ಮೆ ಪುಟಿದು ನೆಲದೊಳಗೆ ಮಾಯವಾಯಿತು. ಕಾಕಾನದೂ ಅದೇ ಕಡೆ ಹೋಯಿತು. ಮಾಯವಾದದ್ದನ್ನು ನಾವು ನೋಡಲಿಲ್ಲ, ಏಕೆಂದರೆ ಕಾಕಾ ಆ ವಯಸ್ಸಿಗೆ ಒಪ್ಪದ ವೇಗದಲ್ಲಿ ಮುಂದೆ ಹೋಗಿಬಿಟ್ಟಿದ್ದರು.

"ಸಿಕ್ತ್ರೀ!" ಎಂದು ಪಟ್ಟಿಯಾಚೆಯಿಂದ ಕೂಗಿದರು. "ಇಲ್ಲೇ ಐತಿ, ಹೊರಗ! ಎಲ್ಲಾ ಅವನ ಇಚ್ಛಾ!"

ಸಾಹೇಬ ಬಿರುಕಿನ ಮೇಲೆ ಬಗ್ಗಿ ನಿಂತಿದ್ದ. ಮುಖ ಸಣ್ಣದಾಗಿತ್ತು. "ದಂಡ ಹೋಗ್ಲಿ ಸಾರ್. ಆ ಚೆಂಡಿನ ಮೇಲೆ ನನ್ನ ಮಗಳು ಹೂವು ಬರೆದಿದ್ಲು. ಪ್ರತಿ ಆಟಕ್ಕೂ ಅದನ್ನೇ ತರ್ತಿದ್ದೆ."

ಆಳಕ್ಕೆ ಏನೋ ಬಿದ್ದಿದೆ, ಎತ್ತುವವರಿಲ್ಲ ಎಂದು ಕೇಳಿದರೆ ನನ್ನ ಬೆರಳು ಸುಮ್ಮನಿರುವುದಿಲ್ಲ. ಬಿಳಿ ಪ್ಯಾಂಟು, ಏಜೆನ್ಸಿ, ವಯಸ್ಸು ಯಾವುದೂ ನೆನಪಾಗಲಿಲ್ಲ. "ತಡೀರಿ ಸಾಹೇಬ್ರ, ಎತ್ತೂಣು," ಎಂದೆ. ಬೇಲಿಯಿಂದ ಎರಡು ಮಾರು ತಂತಿ ಬಿಚ್ಚಿದೆ, ತುದಿಯನ್ನು ಕಲ್ಲಿನ ಮೇಲೆ ಬಡಿದು ಬಟ್ಟಲಿನಂತೆ ಬಗ್ಗಿಸಿದೆ, ಎರೆಮಣ್ಣಿನ ಮೇಲೆ ಹೊಟ್ಟೆ ಹಚ್ಚಿ ಮಲಗಿ ತಂತಿ ಇಳಿಬಿಟ್ಟೆ. ಇಪ್ಪತ್ತು ವರ್ಷದಿಂದ ಮಾಡಿರದ ಕೆಲಸ. ತಂತಿ ಮಣ್ಣಿಗೆ ತಾಗುವುದು ಬೇರೆ, ಬೇರಿಗೆ ತಾಗುವುದು ಬೇರೆ. ಗುಂಡನೆಯದಕ್ಕೆ ತಾಗಿದಾಗ ಬೆರಳ ತುದಿಗೆ ಸಣ್ಣಗೆ ಜಾರಿದಂತಾಗುತ್ತದೆ. ಜಾರಿತು. ಉಸಿರು ಹಿಡಿದು ಎತ್ತಿದೆ.

ಬಂದದ್ದು ಹೂವಿನ ಚೆಂಡಲ್ಲ. ಮೂರು ಗೆರೆಯ ವಿಭೂತಿಯ ಚೆಂಡು. ಗೆರೆ ಹೊಸದಾಗಿಯೇ ಇತ್ತು, ಬೆರಳಿಗೆ ಮೆತ್ತಿತು.

ತಲೆ ಎತ್ತಿ ನೋಡಿದೆ. ಸಾಹೇಬ ಹತ್ತು ಹೆಜ್ಜೆ ಆಚೆ ಬೇರೆ ಬಿರುಕಿನಲ್ಲಿ ಇಣುಕುತ್ತಿದ್ದ. ಕಾಕಾ ಪಟ್ಟಿಯಾಚೆ, ಗೆರೆಯಿಲ್ಲದ ಒಂದು ಚೆಂಡಿನ ಮುಂದೆ ನಿಂತು ಆಕಾಶ ನೋಡುತ್ತಿದ್ದರು. ನಾನು ಆ ಚೆಂಡನ್ನು ಜೇಬಿಗೆ ಹಾಕಿಕೊಂಡೆ. ಕೈಗೆ ಸಿಕ್ಕದ್ದನ್ನು ಕೂಡಲೇ ಎಲ್ಲರಿಗೂ ತೋರಿಸುವವನು ವ್ಯಾಪಾರ ಮಾಡಲಾರ. ಮತ್ತೆ ತಂತಿ ಇಳಿಬಿಟ್ಟು ಎರಡನೆಯ ಸಲಕ್ಕೆ ಹೂವಿನ ಚೆಂಡು ಎತ್ತಿಕೊಟ್ಟೆ.

"ಸಾರ್!" ಎಂದ ಸಾಹೇಬ. ಚೆಂಡನ್ನು ಅಂಗಿಗೆ ಒರೆಸಿ ಒರೆಸಿ ನೋಡಿದ. "ಇದನ್ನ ಎಲ್ಲಿ ಕಲಿತ್ರಿ?"

"ಹಳೇ ಧಂದೆರಿ," ಎಂದೆ. ಮುಂದೆ ವಿವರಿಸಲು ಹೋಗಲಿಲ್ಲ. ನನ್ನ ತಲೆ ಆಗಲೇ ಜೇಬಿನಲ್ಲಿತ್ತು.

ಕಾಕಾ ಆರು ಹೊಡೆತಕ್ಕೆ ಮುಗಿಸಿದರು. ನಾನು ನಾಲ್ಕು ಹೊಡೆದಿದ್ದೆ. ನನ್ನ ಚೆಂಡು ಎಣ್ಣೆಮರಳಿನ ಮೇಲೆ ಕುಳಿಯಿಂದ ಸರಿಯಾಗಿ ಒಂದು ಮೊಳ ದೂರದಲ್ಲಿ ನಿಂತಿತ್ತು. ಒಂದೇ ಏಟಿಗೆ ಹಾಕಿದರೆ ನಾನು ಗೆದ್ದೆ. ತಪ್ಪಿದರೆ ಸರಿಸಮ. ಇಷ್ಟು ಹತ್ತಿರದ ಚೆಂಡನ್ನು ಎದುರಾಳಿ "ಬಿಟ್ಟೆ" ಎಂದುಬಿಡುವುದು ನಮ್ಮ ಮೈದಾನದ ಮರ್ಯಾದೆ. ಎಂದರೆ, ಹೊಡೆಯಬೇಕಿಲ್ಲ, ಒಳಗೆ ಬಿದ್ದಂತೆಯೇ ಲೆಕ್ಕ. ಬೇರೆಯವರೊಂದಿಗೆ ಆಡುವಾಗ ಕಾಕಾ ಎರಡು ಮೊಳದ್ದನ್ನೂ ಬಿಟ್ಟದ್ದು ನನಗೆ ಗೊತ್ತು.

"ಕಾಕಾ?" ಎಂದೆ.

"ಆಡ್ರಿ, ಆಡ್ರಿ," ಎಂದರು ಕಾಕಾ. "ನಿಮ್ಮ ಕೊನೀ ಹೊಡ್ತ ನೋಡಾಕ ಭಾಳ ಚಂದ ಇರತೈತಿ. ಗೇಣು ಹಿಂದ ನಿಂತು ಕುಣೀಗೆ ನಮಸ್ಕಾರ ಮಾಡತೈತಿ."

ಸಾಹೇಬ ನಕ್ಕ. ನನ್ನ ಕಿವಿ ಬಿಸಿಯಾಯಿತು. ಕುಳಿ ನೋಡಿದೆ, ಅದು ಕಪ್ಪಗೆ, ಸುಮ್ಮನೆ, ನಾನು ನಿಲ್ಲುವ ಜಾಗ ಗೊತ್ತಿದ್ದಂತೆ ಬಾಯಿ ತೆರೆದುಕೊಂಡಿತ್ತು. ಅಂಗೈ ಬೆವೆತಿತ್ತು. ಚೀಲದಿಂದ ಟವೆಲ್ ತೆಗೆದು, ಕೈ ಒರೆಸಿಕೊಳ್ಳುತ್ತ ಕಾಕಾನ ಹತ್ತಿರ ಹೋದೆ.

ಹತ್ತಿಯ, ಮೆಣಸಿನಕಾಯಿಯ, ಎತ್ತಿನ ಪೇಟೆ ಕಂಡವರಿಗೆ ಇದನ್ನು ಹೇಳಬೇಕಿಲ್ಲ. ಕಾಣದವರಿಗೆ ಹೇಳುತ್ತೇನೆ. ಹಳಬರು ದರವನ್ನು ಬಾಯಿಯಿಂದ ಹೇಳುತ್ತಿರಲಿಲ್ಲ. ಕೈಗಳ ಮೇಲೆ ಟವೆಲ್ ಹಾಕಿಕೊಂಡು, ಅದರಡಿಯಲ್ಲಿ ಬೆರಳು ಹಿಡಿದು ಒತ್ತಿ ತಿಳಿಸುತ್ತಿದ್ದರು. ಸುತ್ತ ಹತ್ತು ಜನ ನಿಂತಿದ್ದರೂ ವ್ಯಾಪಾರ ಇಬ್ಬರಿಗಷ್ಟೇ ಗೊತ್ತು. ಹತ್ತಿಯ ಮನೆತನದ ಕಾಕಾ, ನಾನು ಟವೆಲ್ ಚಾಚಿದ ಕೂಡಲೇ, ಯೋಚಿಸದೆ ಅದರಡಿಗೆ ಕೈ ತಂದರು. ಅವರ ಅಂಗೈಯಲ್ಲಿ ನಾನು ಆ ಚೆಂಡನ್ನು ಇಟ್ಟೆ.

ಹೆಬ್ಬೆರಳು ಚೆಂಡಿನ ಮೇಲೆ ಆಡಿತು. ವಿಭೂತಿಯ ನುಣುಪಿಗೆ ಬಂದು ನಿಂತಿತು. ಮುಖದಲ್ಲಿದ್ದ ಬೆಣ್ಣೆ ಗಟ್ಟಿಯಾಯಿತು.

ಅವರು ಕಾದರು. ನಾನು ಏನು ಕೇಳುತ್ತೇನೆ ಎಂದು ಕಾದರು. ಆ ಗಳಿಗೆಯಲ್ಲಿ ನಾನು ಏನನ್ನಾದರೂ ಕೇಳಬಹುದಿತ್ತು. ಏಜೆನ್ಸಿಯ ಆಸೆ ಬಿಡಿ ಎನ್ನಬಹುದಿತ್ತು. 'ನನಗೆ ಏಜೆನ್ಸಿ ಬೇಡ, ಹುಬ್ಬಳ್ಳಿಯವರಿಗೇ ಇರಲಿ' ಎಂದು ಸಾಹೇಬರಿಗೆ ನೀವೇ ಹೇಳಿ, ಎನ್ನಬಹುದಿತ್ತು. ಮನೆತನದ ಮರ್ಯಾದೆ ಆ ಅಂಗೈಯಲ್ಲಿತ್ತು, ಅವರು ಹೇಳಿಯೂ ಬಿಡುತ್ತಿದ್ದರೇನೋ. ನಾನು ಗದ್ದದಿಂದ ನನ್ನ ಚೆಂಡಿನ ಕಡೆ ತೋರಿಸಿ, ಅವರ ಒಂದು ಬೆರಳನ್ನು ಮಾತ್ರ ಒತ್ತಿದೆ. ಆ ಒಂದು ಮೊಳ.

ಕಾಕಾ ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿದರು. ಇಷ್ಟೇನಾ ಎಂಬಂತಿತ್ತು ಆ ನೋಟ. ಆಮೇಲೆ ಎದೆ ತುಂಬ ಉಸಿರು ಬಿಟ್ಟು, "ಬಿಟ್ಟೇನ್ರಿ, ಬಿಟ್ಟೆ!" ಎಂದು ಇಡೀ ಗಿರಣಿಗೆ ಕೇಳುವಂತೆ ಕೂಗಿದರು. ಚೆಂಡು ಅವರ ಜೇಬಿಗೆ ಹೋಯಿತು.

ಬರೆದಿಟ್ಟುಕೊಳ್ಳಿ. ವ್ಯಾಪಾರ ಮುಗಿದ ಮೇಲೆ ಎದುರಿನವನ ಮುಖದಲ್ಲಿ ನಿರಾಳ ಕಂಡರೆ, ನಿಮ್ಮ ಸರಕು ಅಗ್ಗಕ್ಕೆ ಹೋಗಿದೆ. ಈ ಪಾಠವನ್ನು ನಾನು ಎಷ್ಟೋ ಹುಡುಗರಿಗೆ ಹೇಳಿಕೊಟ್ಟಿದ್ದೇನೆ. ಅವತ್ತು ಆ ನಿರಾಳವನ್ನು ಕಂಡೂ ನನಗೆ ಏನೂ ಅನಿಸಲಿಲ್ಲ. ನಾನು ಗೆದ್ದಿದ್ದೆ.

"ಟವೆಲ್ ಕೆಳಗೆ ಏನು ಸಾರ್ ಅದು?" ಎಂದು ಸಾಹೇಬ ಕೇಳಿದ.

"ಕೈ ಒರಸ್ಕೊಂಡ್ವಿರಿ," ಎಂದರು ಕಾಕಾ.

ಹೊಟ್ಟೆಗೆಲ್ಲ ಎರೆಮಣ್ಣು ಮೆತ್ತಿಕೊಂಡು ಧಾರವಾಡದಿಂದ ಕೇಶ್ವಾಪುರದ ತನಕ ಸ್ಕೂಟರಿನ ಮೇಲೆ ಹಾಡುತ್ತ ಬಂದೆ. ನವಲೂರಿನ ಹತ್ತಿರ ಇಳಿದು, ಯಾರಿಗೂ ಕಾರಣ ಹೇಳದೆ ಗಿರ್ಮಿಟ್, ಮಿರ್ಚಿ ತಿಂದೆ. ಮನೆಯಲ್ಲಿ ಹೆಂಡತಿಗೆ ಎಲ್ಲವನ್ನೂ ಹೇಳಿದೆ: ಬಿಸಿಲು, ಬಿರುಕು, ತಂತಿ, ವಿಭೂತಿ, ಟವೆಲ್. ಅವಳು ಪ್ಯಾಂಟನ್ನು ಬಕೆಟ್ಟಿನಲ್ಲಿ ನೆನೆಸುತ್ತ ಕೊನೆಯ ತನಕ ಕೇಳಿದಳು.

"ಬೋರ್ಡಿಂದು ಏನಾತು?" ಎಂದಳು.

ಕೇಳುವುದನ್ನೇ ನಾನು ಮರೆತಿದ್ದೆ.

ಅವಳು ನೀರು ಜಾಡಿಸಿ ಎದ್ದು ನಿಂತಳು. "ಬಿರುಕಿಗೆ ಬಿದ್ರ ಒಂದು ಹೊಡ್ತ ದಂಡ ಅಂದ್ರಿ. ಹಂಗಂದ್ರ ಅವರದು ಆರಲ್ಲ, ಏಳು. ನೀವು ಆ ಪಟ್ಟು ತಪ್ಪಿದ್ರೂ ಗೆಲ್ಲತಿದ್ರಿ. ಸಾಹೇಬ್ರಿಗೆ ಚೆಂಡು ತೋರಿಸಿದ್ರ ಸಾಕಾಗಿತ್ತು." ಬಕೆಟ್ಟನ್ನು ಪಕ್ಕಕ್ಕೆ ಸರಿಸಿ ಮುಂದುವರಿಸಿದಳು: "ನಾ ತರಕಾರಿ ತಗೊಂಡು ಬಂದಾಗ ಎರಡು ರೂಪಾಯಿ ಹೆಚ್ಚಾತು ಅಂತ ಸಂಜೀಮಟ ಅಂತೀರಿ."

ಹಾಗಾಗಿ ಅದು ನನ್ನ ಜೀವಮಾನದ ಅತಿ ಕೆಟ್ಟ ವ್ಯಾಪಾರ. ಅವತ್ತು ಊಟ ಸೇರಲಿಲ್ಲ.

ಹದಿನೈದು ದಿನಕ್ಕೆ ಕಾಗದ ಬಂತು. ಎರಡೂ ಊರಿನ ಏಜೆನ್ಸಿ ಧಾರವಾಡದ ಕಾಕಾನಿಗೆ. ಗೋದಾಮು ದೊಡ್ಡದು, ಹೆದ್ದಾರಿಗೆ ಹತ್ತಿರ ಎಂದು ಕಾರಣ ಕೊಟ್ಟಿದ್ದರು. ಆಟದ ಮಾತು ಒಂದಕ್ಷರವೂ ಇರಲಿಲ್ಲ. ಮೂರು ತಿಂಗಳು ಹೆಂಟೆ ಹಾರಿಸಿದ್ದು ಯಾವ ಲೆಕ್ಕಕ್ಕೂ ಬಂದಿರಲಿಲ್ಲ. ನೀಲಿ ಬೋರ್ಡನ್ನು ತಿಂಗಳೊಳಗೆ ಇಳಿಸಬೇಕೆಂದು ಕೊನೆಯ ಸಾಲು. ನಾನು ಅಂಗಡಿಯ ಹೊರಗೆ ಬಂದು, ರಸ್ತೆಯಾಚೆ ನಿಂತು ಅದನ್ನು ನೋಡಿದೆ. ಆಟೋಗಳು ನಡುವೆ ನುಗ್ಗುತ್ತಿದ್ದವು. ಬಣ್ಣ ಮಾಸಿತ್ತು; ಅದು ಅಷ್ಟು ಮಾಸಿದೆ ಎಂದು ನನಗೆ ಗೊತ್ತೇ ಇರಲಿಲ್ಲ.

ಸಂಜೆ ಸಾಹೇಬನ ಫೋನು.

"ಕಾಗದ ಬಂತಾ ಸಾರ್? ಬೇಜಾರ್ ಮಾಡ್ಕೋಬೇಡಿ. ಒಂದು ಮಾತು ಕೇಳ್ಬೇಕಿತ್ತು. ಈ ಭಾಗಕ್ಕೆಲ್ಲ ನಮಗೊಂದು ರಿಪೇರಿ ಕೇಂದ್ರ ಬೇಕು. ಬೋರಲ್ಲಿ ಬಿದ್ದ ಮೋಟ್ರು ಎತ್ತೋರು ಯಾರೂ ಸರಿಯಾಗಿ ಸಿಗ್ತಿಲ್ಲ. ಅವತ್ತು ನೀವು ಮಲಗಿ ತಂತಿ ಬಿಟ್ರಲ್ಲ, ಆಗ್ಲೇ ಅಂದ್ಕೊಂಡೆ. ಲಕಮನಹಳ್ಳೀಲಿ ಶೆಡ್ ಕೊಡ್ತೀವಿ ಸಾರ್. ನಡೆಸ್ತೀರಾ?"

ನನ್ನ ಬಾಯಿ, ಆಗಂಗಿಲ್ಲ ಎನ್ನಲು ತೆರೆದೇಬಿಟ್ಟಿತು. ಮೂರನೆಯ ಕುಳಿ ನೆನಪಾಯಿತು; ಮುಚ್ಚಿದೆ. ಒಂದರಿಂದ ಹತ್ತರ ತನಕ ಎಣಿಸಿದೆ.

"ನಡಸ್ತೇನ್ರಿ," ಎಂದೆ. "ಆದ್ರ ನನ್ನ ಬೋರ್ಡು ಇಳಸಂಗಿಲ್ಲ."

"ಬೋರ್ಡು ಏಜೆಂಟ್ರಿಗೆ ಮಾತ್ರ ಸಾರ್."

"ಹಂಗಾದ್ರ ಮೋಟ್ರು ಯಾರು ಎತ್ತತಾರೋ ಅವರನ್ನ ಹುಡುಕ್ರಿ."

ಫೋನಿನಲ್ಲಿ ಟವೆಲ್ ಇಲ್ಲ, ಮುಖ ಇಲ್ಲ, ಉಸಿರು ಮಾತ್ರ. ನಾನು ಉಸಿರು ಕೇಳುತ್ತ ಕೂತೆ. ಈ ಸಲ ಗೇಣು ಹಿಂದೆ ನಿಲ್ಲಲಿಲ್ಲ.

"ಕೆಳಗೆ ಒಂದು ಸಾಲು ಸೇರಿಸ್ಕೊಳ್ಳಿ," ಎಂದ ಕೊನೆಗೆ. "ರಿಪೇರಿ ಕೇಂದ್ರ ಅಂತ."

ಬೋರ್ಡು ಈಗಲೂ ಅಲ್ಲಿಯೇ ಇದೆ, ಕೆಳಗೆ ಹೊಸ ಸಾಲಿನೊಂದಿಗೆ. ಕೊಕ್ಕೆಗಳು ಅಟ್ಟದಿಂದ ಇಳಿದು ಲಕಮನಹಳ್ಳಿಯ ಶೆಡ್ಡಿಗೆ ಬಂದಿವೆ. ಬಿಳಿ ಪ್ಯಾಂಟು ಮದುವೆ ಮುಂಜಿಗಷ್ಟೇ. ಭಾನುವಾರ ಬೆಳಿಗ್ಗೆ ಕಾಕಾನೂ ನಾನೂ ಆಡುತ್ತೇವೆ. ಇಬ್ಬರ ಬೀಸೂ ಹಾಗೇ ಇದೆ.

ಶೆಡ್ ಶುರುವಾದ ವಾರ, ಕಾಕಾ ತಮ್ಮ ದೊಡ್ಡ ಗಿರಾಕಿಯೊಬ್ಬನ ಸುಟ್ಟ ಮೋಟರನ್ನು ಟೆಂಪೋದಲ್ಲಿ ಹಾಕಿಸಿಕೊಂಡು ತಾವೇ ಬಂದರು. ರಿಪೇರಿಗೆ ಅವರು ನನ್ನ ಹತ್ತಿರವೇ ಬರಬೇಕು, ಬೇರೆ ದಾರಿ ಇಲ್ಲ. ಕೂರಿಸಿ ಚಹಾ ಕೊಟ್ಟೆ.

"ಕಾಕಾ, ಆ ಚೆಂಡು ಏನ್ ಮಾಡಿದ್ರಿ?" ಎಂದು ಕೇಳಿದೆ.

ಅವರು ನಾಚಲಿಲ್ಲ. ತಟ್ಟೆಗೆ ಚಹಾ ಬಗ್ಗಿಸಿಕೊಂಡು ಒಂದು ಗುಟುಕು ಕುಡಿದರು. "ದೇವ್ರ ಜಗಲಿ ಮ್ಯಾಲ ಇಟ್ಟೇನ್ರಿ. ದಿನಾ ಹೂ ಏರಸ್ತೇನಿ. ನನಗ ಏಜೆನ್ಸಿ ಉಳಿಸಿಕೊಟ್ಟ ಚೆಂಡದು." ಆಮೇಲೆ ಮೋಟರಿನ ಕಡೆ ಕೈ ಮಾಡಿದರು. "ಇದು ಎಷ್ಟು ದಿನದಾಗ ಆಗತೈತಿ?"

"ಎಂಟು ದಿನ."

"ಎಂಟು ಭಾಳ ಆತ್ರಿ. ಪೀಕಿಗೆ ನೀರಿಲ್ಲ ಅಂತ ಒದರಾಕತ್ತಾನ ಅವ. ನಾಕು ದಿನ ಮಾಡ್ರಿ."

ನಾನು ಹೆಗಲ ಮೇಲಿನ ಟವೆಲ್ ತೆಗೆದು, ಎಣ್ಣೆಗೈ ಒರೆಸಿಕೊಂಡು, ಮತ್ತೆ ಹೆಗಲಿಗೇ ಹಾಕಿಕೊಂಡೆ.

"ಹತ್ತು ದಿನ," ಎಂದೆ.